ಬಲಗಡೆಯಿಂದ ಬರೆದ ಲೆಕ್ಕ

ಅಪ್ಪನ ಮುಖಕ್ಕಿಂತ ಅಪ್ಪನ ಬೆನ್ನೇ ನನಗೆ ಚೆನ್ನಾಗಿ ನೆನಪಿದೆ. ಕಾರಣ ಸರಳ. ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಶಾಲೆಯಲ್ಲೂ ಅವನ ಹಿಂದೆ ಕೂತೆ, ಮನೆಯಲ್ಲೂ ಅವನ ಹಿಂದೆ ಕೂತೆ. ಶಾಲೆಯಲ್ಲಿ ಅವನು ಕಲಿಸುತ್ತಿದ್ದ, ಮನೆಯಲ್ಲಿ ಕಲಿಯುತ್ತಿದ್ದ. ಎರಡೂ ಕಡೆ ಲೆಕ್ಕಗಳು ಅವೇ.

ಮಸ್ಕಿಯ ಮಿಡ್ಲ್ ಸ್ಕೂಲಿನಲ್ಲಿ ಅಪ್ಪ ಗಣಿತದ ಮಾಸ್ತರನಾಗಿದ್ದ. ನಿಜಾಮರ ಕಾಲದಲ್ಲಿ ಅದನ್ನು ವಸ್ತಾನಿಯಾ ಶಾಲೆ ಎನ್ನುತ್ತಿದ್ದರು, ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ, ಮಠದಲ್ಲಿ ಕನ್ನಡ, ಅಂಕಿ ಕಂಡ ಕೂಡಲೇ ಉರ್ದು. ಅಪ್ಪ ಹಾಗೆಯೇ ಕಲಿತವನು, ಹಾಗೆಯೇ ಕಲಿಸುತ್ತಾ ಬಂದವನು. ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ರಾಜ್ಯ ಹೋದಮೇಲೆ ಪಾಠ ಕನ್ನಡಕ್ಕೆ ತಿರುಗಿತು. ನಮ್ಮ ತರಗತಿಗೆ ಅದು ಬಂದದ್ದು ಯಾವ ವರ್ಷ ಎಂದು ಹೇಳಲಾರೆ. ಸಿಂಧನೂರಿನ ಕಡೆ ಕಾಲುವೆ ಅಗೆಯುತ್ತಿದ್ದರು, ನೀರು ಇನ್ನೂ ಬಂದಿರಲಿಲ್ಲ. ಅಷ್ಟನ್ನು ಮಾತ್ರ ನಂಬುತ್ತೇನೆ.

ಕನ್ನಡಕ್ಕೆ ತಿರುಗುವುದೆಂದರೆ ಹೆಸರು ಬದಲಾಯಿಸುವುದು ಎಂದು ಊರಿನವರು ತಿಳಿದಿದ್ದರು. ಮುಸಲ್ಲಸ್ ಎನ್ನುತ್ತಿದ್ದಲ್ಲಿ ತ್ರಿಕೋನ ಎನ್ನುವುದು, ಜರಬ್ ಎನ್ನುತ್ತಿದ್ದಲ್ಲಿ ಗುಣಾಕಾರ ಎನ್ನುವುದು. ಅಪ್ಪ ಅದನ್ನು ಬೇಗನೆ ಬಾಯಿಪಾಠ ಮಾಡಿದ. ತೊಂದರೆ ಇದ್ದದ್ದು ಬಾಯಲ್ಲಲ್ಲ, ಕೈಯಲ್ಲಿ. ಉರ್ದುವಿನಲ್ಲಿ ಬೀಜಗಣಿತವನ್ನೂ ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಗೊತ್ತಿಲ್ಲದ ಸಂಖ್ಯೆಗೆ ‘ಲಾ’ ಎಂದು ಹೆಸರು. ಹಲಗೆಯ ಬಲ ಅಂಚಿನಲ್ಲಿ ಲಾ ಬರೆದು, ಅದರ ಎಡಕ್ಕೆ ಕಳೆಯುವ ಗುರುತು ಹಾಕಿ, ಅದರ ಎಡಕ್ಕೆ ಒಂದು ಸಂಖ್ಯೆ. ಹೀಗೆ ಸಮೀಕರಣ ಎಡಗಡೆಗೆ ನಡೆಯುತ್ತಾ ಹೋಗುತ್ತಿತ್ತು. ಧಾರವಾಡದ ಕಡೆಯಿಂದ ಬಂದ ಹೊಸ ಪುಸ್ತಕದಲ್ಲಿ ಲಾ ಹೋಗಿ ‘ಕ್ಷ’ ಬಂದಿತ್ತು, ಎಲ್ಲವೂ ಎಡದಿಂದ ಬಲಕ್ಕೆ. ಕೂಡಿಸುವಾಗ ಯಾವ ಕಡೆಯಿಂದ ಓದಿದರೂ ಒಂದೇ. ಕಳೆಯುವಾಗ ಹಾಗಲ್ಲ.

ಮಾಸ್ತರರಿಗೆಲ್ಲ ಒಂದು ಹುಕುಂ ಬಂದಿತ್ತು. ಲಿಂಗಸುಗೂರಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದು ತರಗತಿ ನೋಡುತ್ತಾರೆ, ಕನ್ನಡದಲ್ಲಿ ಕಲಿಸಲು ಬಾರದವರನ್ನು ಮಿಡ್ಲ್ ಸ್ಕೂಲಿನಿಂದ ತೆಗೆದು ಯಾವುದಾದರೂ ಹಳ್ಳಿಯ ಒಂದನೇ ತರಗತಿಗೆ ಹಾಕುತ್ತಾರೆ. ಅಪ್ಪನಿಗೆ ಸಂಬಳದ ಚಿಂತೆ ಇರಲಿಲ್ಲ ಎಂದು ಬರೆಯಹೊರಟಿದ್ದೆ. ಇದ್ದೇ ಇದ್ದಿರಬೇಕು. ಆದರೆ ನನ್ನ ಕಣ್ಣಿಗೆ ಬಿದ್ದ ಹೆದರಿಕೆ ಬೇರೆಯದು. ಒಂದನೇ ತರಗತಿಯಲ್ಲಿ ಬೀಜಗಣಿತವಿಲ್ಲ. ಅಪ್ಪ ಊಟಕ್ಕೆ ಕೂತಾಗಲೂ ಸಮೀಕರಣ ಬಿಡಿಸುತ್ತಿದ್ದ ಮನುಷ್ಯ. ಲೆಕ್ಕ ಬಿಟ್ಟು ಬೇರೆ ಯಾವುದರಲ್ಲೂ ಅವನಿಗೆ ತಾನು ಗಟ್ಟಿಗ ಎಂಬ ಭಾವನೆ ಇರಲಿಲ್ಲ. ಹೊಲದ ಕೆಲಸ ಅವನಿಗೆ ಬರುತ್ತಿರಲಿಲ್ಲ, ಅಣ್ಣತಮ್ಮಂದಿರು ಅದನ್ನು ಆಡಿಕೊಳ್ಳುತ್ತಿದ್ದರು.

ಆದ್ದರಿಂದ ನಮ್ಮ ಮನೆಯಲ್ಲಿ ಬೆಳಗಿನ ಹೊತ್ತು ಒಂದು ಶಾಲೆ ನಡೆಯುತ್ತಿತ್ತು. ಪಡಸಾಲೆಯ ಗೋಡೆಗೆ ಇದ್ದಿಲ ಪುಡಿ ಕಲಸಿ ಬಳಿದಿದ್ದೆವು. ಅಪ್ಪನಿಗೆ ಉರ್ದು ಓದಿದಷ್ಟು ಸಲೀಸಾಗಿ ಕನ್ನಡ ಓದಲು ಬರುತ್ತಿರಲಿಲ್ಲ. ಅವ್ವನಿಗೆ ಬರುತ್ತಿತ್ತು, ಶ್ರಾವಣದಲ್ಲಿ ಓಣಿಯ ಹೆಂಗಸರಿಗೆ ಪುರಾಣ ಓದಿ ಹೇಳುವವಳು ಅವಳೇ. ಅವಳು ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಾ, ಪುಸ್ತಕವನ್ನು ಮೊರದ ಪಕ್ಕಕ್ಕಿಟ್ಟು, ಪುರಾಣದ ರಾಗದಲ್ಲಿಯೇ ಲೆಕ್ಕ ಓದುತ್ತಿದ್ದಳು. ಅಪ್ಪ ಗೋಡೆಗೆ ಮುಖ ಮಾಡಿ ಬರೆಯುತ್ತಿದ್ದ.

“ಒಬ್ಬ ರೈತನ ಹೊಲದ ಉದ್ದವು ಅಗಲದ ಇಮ್ಮಡಿಗಿಂತ ಹತ್ತು ಮಾರು ಕಡಿಮೆ ಇದ್ದರೇ...” ಎಂದು ಅವ್ವ ಎಳೆದರೆ ಪಕ್ಕದ ಮನೆಯ ಮುದುಕಿ ಗೋಡೆಯ ಆಚೆಯಿಂದ ಕೇಳುತ್ತಿದ್ದಳು.

“ಆ ರೈತನ ಕತಿ ಮುಗೀತೇನಬೇ?”

“ಎಲ್ಲಿ ಮುಗೀತೈತಿ ಯಮ್ಮಾ,” ಅವ್ವ ಹೇಳುತ್ತಿದ್ದಳು. “ಅವನ ಹೊಲದ ಅಗಲನ ಇನ್ನಾ ಸಿಕ್ಕಿಲ್ಲ.”

ನನ್ನ ಕೆಲಸ ಕೆಮ್ಮುವುದು. ಅಪ್ಪನ ಕೈ ಗೋಡೆಯ ಬಲ ಅಂಚಿಗೆ ಹೋದರೆ ನಾನು ಕೆಮ್ಮಬೇಕು. “ಬಾಯಿ ಬಿಟ್ಟು ಹೇಳಬ್ಯಾಡ,” ಎಂದಿದ್ದ. “ಹೇಳಿದ್ರ ನನಗ ಸಿಟ್ಟು ಬರತೈತಿ. ಬರೇ ಕೆಮ್ಮು.” ಮೊದಮೊದಲು ಬೆಳಗೆಲ್ಲ ಕೆಮ್ಮಿ ಗಂಟಲು ಕೆರೆಯುತ್ತಿತ್ತು. ಬರಬರುತ್ತಾ ಕಡಿಮೆಯಾಯಿತು. ದಸರೆಯ ಹೊತ್ತಿಗೆ ಅಪ್ಪ ಎಡದಿಂದಲೇ ಶುರು ಮಾಡುತ್ತಿದ್ದ, ಆದರೆ ಬರೆಯುವ ಮೊದಲು ಕೈ ಗಾಳಿಯಲ್ಲಿ ಒಂದು ಗಳಿಗೆ ನಿಲ್ಲುತ್ತಿತ್ತು, ದಾರಿ ಕೇಳುವವರು ನಿಲ್ಲುವ ಹಾಗೆ.

ಆ ನಿಲ್ಲುವಿಕೆ ಶಾಲೆಯಲ್ಲಿಯೂ ಎಲ್ಲರಿಗೂ ಕಾಣುತ್ತಿತ್ತು. ಅದಕ್ಕಿಂತ ನನಗೆ ನಾಚಿಕೆಯಾಗುತ್ತಿದ್ದುದು ಅವನ ಗೊಣಗಾಟಕ್ಕೆ. ಗುಣಿಸುವಾಗ ಬಾಯೊಳಗೇ ಉರ್ದು ಮಗ್ಗಿ ಹೇಳಿಕೊಂಡು ಉತ್ತರವನ್ನು ಮಾತ್ರ ಕನ್ನಡದಲ್ಲಿ ಜೋರಾಗಿ ಹೇಳುತ್ತಿದ್ದ. “ಸಾತ್ ಅಟ್ಠೆ ಛಪ್ಪನ್... ಐವತ್ತಾರು.” ಹುಡುಗರು ಅವನಿಗೆ ಛಪ್ಪನ್ ಮಾಸ್ತರ ಎಂದು ಹೆಸರಿಟ್ಟರು. ಆರೇಳು ವರ್ಷದ ಕೆಳಗೆ ಅದೇ ಊರಿನಲ್ಲಿ ಉರ್ದು ಬಲ್ಲವನಿಗೆ ಎದ್ದು ನಿಂತು ಸಲಾಮು ಮಾಡುತ್ತಿದ್ದರು. ಈಗ ಉರ್ದು ಓದಿದ್ದ ಎಷ್ಟೋ ಜನ ತಮಗೆ ಅದು ಮರೆತೇ ಹೋಗಿದೆ ಎನ್ನುತ್ತಿದ್ದರು. ಅಪ್ಪನಿಗೆ ಮರೆಯಲು ಆಗಲಿಲ್ಲ. ಮರೆತಂತೆ ನಟಿಸಲು ಹೊಳೆಯಲಿಲ್ಲ.

ತರಗತಿಯಲ್ಲಿ ನಾವು ಇಬ್ಬರೇ ಹುಡುಗಿಯರು. ನನ್ನ ಪಕ್ಕದವಳು ಅಡತಿ ಅಂಗಡಿಯವರ ಮಗಳು, ಲೆಕ್ಕದಲ್ಲಿ ನನಗಿಂತ ಚುರುಕು, ಬಾಯಲ್ಲಿ ಇನ್ನೂ ಚುರುಕು.

“ನಿಮ್ಮಪ್ಪ ಲೆಕ್ಕ ಮಾಡುವಾಗ ಯಾರ ಕೂಡ ಮಾತಾಡ್ತಾನಬೇ?” ಎಂದು ಕೇಳಿದಳು ಒಂದು ದಿನ.

“ಯಾರ ಕೂಡನೂ ಇಲ್ಲ.”

“ಇಲ್ಲ ಬಿಡು, ಹೈದರಾಬಾದಿನ್ಯಾಗ ಯಾರೋ ಅದಾರ. ಅವ್ರನ್ನ ಕೇಳಿ ನಮಗ ಹೇಳ್ತಾನ.”

ಹಿಂದೊಮ್ಮೆ ಇದನ್ನು ಕಥೆಯಾಗಿ ಬರೆದಾಗ ನಾನು ಅವಳ ಜಡೆ ಹಿಡಿದು ಎಳೆದೆ ಎಂದು ಬರೆದಿದ್ದೆ. ಓದಿದವರು ಮೆಚ್ಚಿಕೊಂಡರು. ಜಡೆಗೆ ನಾನು ಕೈ ಹಾಕಲೇ ಇಲ್ಲ. ನಕ್ಕೆ. ಮಾತು ಚೆನ್ನಾಗಿತ್ತು, ಅದಕ್ಕೇ ನಕ್ಕೆ. ಅಪ್ಪ ಹಲಗೆಯ ಕಡೆಯಿಂದ ತಿರುಗಿ ನೋಡಿದ, ಯಾಕೆ ನಗುತ್ತಿದ್ದೇವೆಂದು ಗೊತ್ತಾಗದೆ ತಾನೂ ಸ್ವಲ್ಪ ನಕ್ಕ.

ಸಾಹೇಬರು ಬಂದದ್ದು ಚಳಿಗಾಲದಲ್ಲಿ. ಗುಲ್ಬರ್ಗಾ ಕಡೆಯವರು ಎಂದು ಹೇಳುತ್ತಿದ್ದರು. ಶೇರ್ವಾನಿ ಬಿಟ್ಟು ಕೋಟು ಹಾಕಿದ್ದರು, ಆದರೆ ಕೋಟಿನ ಗುಂಡಿಗಳನ್ನು ಶೇರ್ವಾನಿಯ ರೀತಿಯಲ್ಲಿ ಮೇಲಿನ ತನಕ ಹಾಕಿಕೊಂಡಿದ್ದರು. ಅವರ ಹಿಂದೆ ನಮ್ಮ ಹೆಡ್ ಮಾಸ್ತರರು. ಮೊದಲು ರೇಖಾಗಣಿತ. ಅಪ್ಪ ತ್ರಿಕೋನ ಎಳೆದು ಅದರ ಮೂರು ಕೋನಗಳು ಸೇರಿ ಎರಡು ಲಂಬಕೋನ ಎಂಬುದನ್ನು ಹುಡುಗರ ಬಾಯಿಂದಲೇ ಹೇಳಿಸಿದ. ಆಮೇಲೆ ಕಾಲುವೆಯ ಲೆಕ್ಕ, ಇಷ್ಟು ಉದ್ದ, ಇಷ್ಟು ಅಗಲ, ಇಷ್ಟು ಆಳ ಅಗೆದರೆ ಎಷ್ಟು ಮಣ್ಣು ಬರುತ್ತದೆ ಎಂದು. ಹುಡುಗರು ಪಾಟಿಯ ಮೇಲೆ ಬಳಪ ಕಿರುಗುಟ್ಟಿಸಿ ಒಬ್ಬರಿಗಿಂತ ಒಬ್ಬರು ಮೊದಲು ಕೈ ಎತ್ತಿದರು. ಗೊಣಗಾಟ ಕೇಳಿಸಲೇ ಇಲ್ಲ. ಹೆಡ್ ಮಾಸ್ತರರ ಮುಖ ಸಡಿಲವಾಯಿತು. ನನಗೂ ಎದೆ ಹಗುರಾಯಿತು.

“ಈಗ ಬೀಜಗಣಿತ,” ಎಂದರು ಸಾಹೇಬರು. “ಮಾಸ್ತರ್ರ, ನೀವು ಬಾಯಿ ಬಿಡಬ್ಯಾಡ್ರಿ. ಬಾಯಿ ಬಿಟ್ರ ಅರ್ಧ ಉತ್ತರ ನೀವ ಹೇಳಿಬಿಡ್ತೀರಿ. ಒಂದು ಸಮೀಕರಣ ಬರ್ರಿ, ಸಾಕು. ಹುಡುಗ್ರು ಬಿಡಿಸ್ಲಿ.”

ಅಪ್ಪ ತಿರುಗಿದ. ಕೈ ಎತ್ತಿದ. ಗಾಳಿಯಲ್ಲಿ ನಿಲ್ಲಬೇಕಿದ್ದ ಕೈ ನಿಲ್ಲಲಿಲ್ಲ, ನೇರ ಬಲ ಅಂಚಿಗೆ ಹೋಯಿತು. ನಾನು ಕೆಮ್ಮಿದೆ.

ಸಾಹೇಬರು ನನ್ನ ಕಡೆ ನೋಡಿದರು. “ಯಾರದು?”

ನಾನು ಎದ್ದು ನಿಂತೆ.

“ಕೆಮ್ಮು ಆಗೈತೇನು?”

“ಹೌದ್ರೀ.”

“ಹೋಗು, ನೀರು ಕುಡದು ಬಾ. ನೀವು ಬರ್ರಿ ಮಾಸ್ತರ್ರ.”

ಹೋಗಲೇಬೇಕಾಯಿತು. ನೀರಿನ ಹರವಿ ಇದ್ದದ್ದು ಕಟ್ಟೆಯ ಆ ತುದಿಗೆ. ಬೇಡದ ನೀರು ಕುಡಿದು ಓಡುತ್ತಾ ಬಂದೆ. ಹಲಗೆಯ ಮೇಲೆ ಬರೆದಾಗಿತ್ತು:

12 = 7 − ಕ್ಷ

ಅಪ್ಪನ ಮನಸ್ಸಿನಲ್ಲಿ ಇದ್ದದ್ದೇನು ಎಂದು ನನಗೆ ಒಡನೆಯೇ ತಿಳಿಯಿತು. ಯಾವುದೋ ಸಂಖ್ಯೆಯಿಂದ ಏಳು ಕಳೆದರೆ ಹನ್ನೆರಡು ಉಳಿಯುತ್ತದೆ, ಆ ಸಂಖ್ಯೆ ಯಾವುದು? ಬಲದಿಂದ ಓದಿದರೆ ಅದು ಹಾಗೆಯೇ ಇತ್ತು. ಹುಡುಗರು ಎಡದಿಂದ ಓದಿದರು. ಎಡದಿಂದ ಓದಿದರೆ ಏಳರಲ್ಲಿ ಏನನ್ನೋ ಕಳೆದು ಹನ್ನೆರಡು ಉಳಿಸಬೇಕು. ಸೊನ್ನೆಗಿಂತ ಕೆಳಗಿನ ಸಂಖ್ಯೆಗಳು ನಮಗಿನ್ನೂ ಪಾಠದಲ್ಲಿ ಬಂದಿರಲಿಲ್ಲ.

“ಆಗಂಗಿಲ್ರೀ,” ಎಂದ ಮುಂದಿನ ಸಾಲಿನ ಹುಡುಗ.

“ಯಾಕ ಆಗಂಗಿಲ್ಲ?”

“ಬರಂಗಿಲ್ರೀ.”

“ಬರಂಗಿಲ್ಲ ಅನ್ನು ಹಂಗಾದ್ರ. ಆಗಂಗಿಲ್ಲ ಅನ್ನಬ್ಯಾಡ. ನೀ ಹೇಳು.”

ಮುಂದಿನವನೂ ಅದನ್ನೇ ಹೇಳಿದ. ಅಡತಿ ಅಂಗಡಿಯವರ ಮಗಳು ಮಾತ್ರ ಕಾರಣ ಕೊಟ್ಟಳು. “ಇರೂದು ಏಳ ರೀ. ಅದರಾಗ ತಗದ ಮ್ಯಾಲ ಹನ್ನೆರಡು ಹೆಂಗ ಉಳೀತಾವ್ರಿ?”

ಸಾಹೇಬರು ಹಲಗೆ ನೋಡಿದರು. ಹೆಡ್ ಮಾಸ್ತರರೂ ನೋಡಿದರು. ಇಬ್ಬರೂ ಅಪ್ಪನ ಹಾಗೆ ಉರ್ದುವಿನಲ್ಲಿ ಲೆಕ್ಕ ಕಲಿತವರು. ಅವರ ಕಣ್ಣು ತಾನಾಗಿ ಬಲಗಡೆಯಿಂದ ಹೊರಟಿತು, ಅವರಿಗೆ ಅಲ್ಲಿ ಯಾವ ತಪ್ಪೂ ಕಾಣಲಿಲ್ಲ, ಸರಿಯಿದೆ ಎಂದು ತಲೆ ಆಡಿಸಿದರು. ಕನ್ನಡದಲ್ಲಿ ಲೆಕ್ಕ ಕಲಿಸಲು ಬರುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲು ಬಂದವರು ಅವರು. ಆ ಕೋಣೆಯಲ್ಲಿ ದೊಡ್ಡವರೆಲ್ಲ ಒಂದು ಲೆಕ್ಕ ಓದಿದರು, ಮಕ್ಕಳೆಲ್ಲ ಇನ್ನೊಂದನ್ನು ಓದಿದರು.

“ಏಳು ಎಲ್ಲಿ ಐತಿ, ಕಳಿಯೋ ಗುರುತು ಎಲ್ಲಿ ಐತಿ, ಕಣ್ಣು ಬಿಟ್ಟು ನೋಡಬಾರದೇನವ್ವಾ?” ಎಂದರು ಸಾಹೇಬರು. ಅವಳು ಕಣ್ಣು ಬಿಟ್ಟೇ ನೋಡುತ್ತಿದ್ದಳು. “ಕೂಡು. ಕೆಮ್ಮಿನಾಕಿ, ನೀ ಹೇಳು.”

ಅಪ್ಪ ನನ್ನ ಕಡೆ ನೋಡಿದ ಎಂದು ಒಂದು ನೆನಪು. ಕಿಟಕಿಯ ಕಡೆ ನೋಡುತ್ತಿದ್ದ ಎಂದು ಇನ್ನೊಂದು. ಎರಡನ್ನೂ ಬಿಡುತ್ತೇನೆ. ಹಲಗೆ ತಿರುವುಮುರುವಾಗಿದೆ ಎಂದು ಹೇಳಿದರೆ, ಸಾಹೇಬರು ಹುಡುಕಲು ಬಂದ ದೋಷವನ್ನೇ ಎತ್ತಿ ಅವರ ಕೈಗೆ ಕೊಟ್ಟಂತೆ. ಉತ್ತರ ಹೇಳಿದರೆ ಅಪ್ಪ ಉಳಿಯುತ್ತಾನೆ ಎಂದುಕೊಂಡೆ.

“ಹತ್ತೊಂಬತ್ತು ರೀ.”

“ಶಾಬಾಸ್. ಹೆಂಗ?”

“ಕ್ಷದಾಗ ಏಳು ಕಳದ್ರ ಹನ್ನೆರಡು ಉಳೀತಾವ್ರಿ. ಅಂದ ಮ್ಯಾಲ ಹನ್ನೆರಡಕ್ಕ ಏಳು ಕೂಡಿಸಿದ್ರ ಕ್ಷ ಬರತೈತ್ರಿ.”

“ನೋಡ್ರಿ, ಒಂದ ಹುಡುಗಿಗಿ ತಿಳದೈತಿ. ಯಾರ ಮಗಳು ನೀ?”

ಹಿಂದಿನ ಸಾಲಿನಿಂದ ಯಾರೋ ಹೇಳಿದರು, “ಮಾಸ್ತರ ಮಗಳ್ರೀ.”

ಸಾಹೇಬರ ಮುಖದ ಮೇಲಿನ ಸಂತೋಷ ಇಳಿಯಿತು. ಹೆಡ್ ಮಾಸ್ತರರ ಕಡೆ ಬಾಗಿ ಮೆಲ್ಲಗೆ ಉರ್ದುವಿನಲ್ಲಿ ಹೇಳಿದರು, “ಘರ್ ಮೇಂ ಪಢಾತೇ ಹೈಂ, ಜಮಾತ್ ಮೇಂ ನಹೀಂ.” ಮನೆಯಲ್ಲಿ ಕಲಿಸುತ್ತಾರೆ, ತರಗತಿಯಲ್ಲಿ ಕಲಿಸುವುದಿಲ್ಲ. ಕೆಳಗಿನ ತರಗತಿಗಳನ್ನು ಉರ್ದುವಿನಲ್ಲಿಯೇ ಓದಿದ ನಮಗೆಲ್ಲ ಅದು ಪೂರ್ತಿ ಅರ್ಥವಾಯಿತು. ಪಕ್ಕದವಳು ನನ್ನಿಂದ ಒಂದು ಗೇಣು ದೂರ ಸರಿದಳು. ನನ್ನ ಪಾಟಿಯ ಮೇಲೆ ಹತ್ತೊಂಬತ್ತು ಎಂದು ಬರೆದಿರಲೂ ಇಲ್ಲ. ಏನೂ ಬರೆಯದ ಪಾಟಿಯನ್ನು ಲಂಗದಿಂದ ಒರೆಸುತ್ತಾ ಕೂತೆ.

ಸಂಜೆ ಹಳ್ಳದ ದಂಡೆಗುಂಟ ಮನೆಗೆ ಹೋಗುವಾಗ ನಾನು ಹೇಳಿದೆ.

“ಯಪ್ಪಾ, ನೀ ಬಲದಿಂದ ಬರದಿದ್ದಿ.”

“ಇಲ್ಲ.”

“ಹೌದು.”

“ಸಾಹೇಬ್ರಿಗೆ ಓದಾಕ ಬಂತಲ್ಲ?”

“ಅವ್ರೂ ಬಲದಿಂದ ಓದಿದ್ರು.”

ಅಪ್ಪ ನಿಂತ. ಒಂದು ಕಡ್ಡಿ ತೆಗೆದುಕೊಂಡು ಉಸುಕಿನಲ್ಲಿ ಬರೆದ, ಏನೂ ಯೋಚಿಸದೆ, ಕೈ ಹೋದ ಹಾಗೆ. ಬರೆದದ್ದನ್ನು ನೋಡುತ್ತಾ ನಿಂತ. ಆಮೇಲೆ ನಕ್ಕ ಎಂದು ನನ್ನ ನೆನಪು. ಆ ದಿನ ಅಪ್ಪ ಹಳ್ಳದ ಕಡೆಯಿಂದ ಬರಲೇ ಇಲ್ಲ, ಹೆಡ್ ಮಾಸ್ತರರ ಜೊತೆ ಬಜಾರದ ದಾರಿಯಲ್ಲಿ ಬಂದ ಎಂದು ಅವ್ವ ಕೊನೆಯವರೆಗೂ ಹೇಳುತ್ತಿದ್ದಳು. ಹಾಗಿದ್ದರೆ ನಾನು ಮಾತಾಡಿದ್ದು ಎಲ್ಲಿ? ಮಾತಾಡಿದ್ದಂತೂ ನಿಜ, ಏಕೆಂದರೆ ಮಾರನೆಯ ದಿನ ಅಪ್ಪನಿಗೆ ಎಲ್ಲ ಗೊತ್ತಿತ್ತು.

ಮಾರನೆಯ ದಿನ ಹೆಡ್ ಮಾಸ್ತರರು ಮನೆಗೆ ಬಂದರು. ಒಳ್ಳೆಯ ಮನುಷ್ಯ, ಅಪ್ಪ ಹೋಗಬಾರದೆಂದು ಅವರಿಗೆ ಇತ್ತು. ಚಹಾ ಕುಡಿದು ಹೇಳಿದರು.

“ಸಾಹೇಬ್ರು ಇನ್ನಾ ಏನೂ ಬರದಿಲ್ಲ. ಈ ತರಗತಿ ಹುಡುಗ್ರು ಮೊದಲಿಂದ ಮಂದ ಅದಾರ, ಮಾಸ್ತರರ ತಪ್ಪಿಲ್ಲ ಅಂತ ನಾ ಬರದು ಕಳಸ್ತೀನಿ. ನೀವೂ ಸಹಿ ಹಾಕ್ರಿ. ಹುಡುಗ್ರು ಇನ್ನೊಂದು ವರ್ಷ ಇದ ತರಗತ್ಯಾಗ ಕೂಡ್ತಾರ, ಅಷ್ಟ. ನಿಮ್ಮ ಜಾಗ ಉಳೀತೈತಿ.”

“ಎಲ್ಲಾ ಹುಡುಗ್ರೂ?”

“ನಿಮ್ಮ ಮಗಳೊಬ್ಬಾಕಿನ ಬಿಟ್ಟು.”

ಅಪ್ಪ ಯೋಚಿಸಿ ಹೇಳುತ್ತೇನೆ ಎಂದ. ಅವರು ಹೋದಮೇಲೆ ಅವ್ವ ಕೇಳಿದಳು, “ಸಹಿ ಹಾಕದಿದ್ರ?”

“ಸುಮ್ಮನಿದ್ರ, ಹುಡುಗ್ರಿಗೆ ಕಲಿಸಲಾರದ ಮಾಸ್ತರ ಅಂತ ಬರೀತಾರ. ಹೋಗಿ ಖರೆ ಹೇಳಿದ್ರ, ಇವನ ಕೈ ಇನ್ನಾ ಉರ್ದು ಬಿಟ್ಟಿಲ್ಲ ಅಂತ ಬರೀತಾರ.”

“ಎರಡರಾಗ ಸಣ್ಣದು ಯಾವದು?”

“ಎರಡೂ ಒಂದ,” ಎಂದ ಅಪ್ಪ. “ಹುಡುಗ್ರಿಗೆ ಮಾತ್ರ ಒಂದ ಅಲ್ಲ.”

ಅವ್ವ ಚಹಾದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು. ನಾನು ಕಂಬಕ್ಕೆ ಒರಗಿ ನಿಂತು, ಸಹಿ ಹಾಕಿದರೆ ಸಾಕು ಎಂದುಕೊಳ್ಳುತ್ತಿದ್ದೆ. ಇದರಲ್ಲಿ ನನಗೆ ಅನುಮಾನವಿಲ್ಲ. ಉಳಿದದ್ದೆಲ್ಲ ಮಸುಕು, ಇದು ಮಾತ್ರ ಚೊಕ್ಕ. ಪಕ್ಕದವಳು ಒಂದು ವರ್ಷ ಹಿಂದೆ ಬೀಳುತ್ತಾಳೆ, ನನ್ನಪ್ಪ ಮಿಡ್ಲ್ ಸ್ಕೂಲಿನ ಮಾಸ್ತರನಾಗಿ ಇರುತ್ತಾನೆ. ಆ ಲೆಕ್ಕ ನನಗೆ ಆಗ ಸರಿಯಾಗಿಯೇ ಕಂಡಿತು.

ಅಪ್ಪ ಸಹಿ ಹಾಕಲಿಲ್ಲ. ಸರ್ವೀಸ್ ಮೋಟಾರು ಹತ್ತಿ ಲಿಂಗಸುಗೂರಿಗೆ ಹೊರಟ, ನನ್ನನ್ನೂ ಕರೆದುಕೊಂಡು. “ಸಾಕ್ಷಿ ಬೇಕಾಗತೈತಿ,” ಎಂದು ಅವ್ವನಿಗೆ ಹೇಳಿದ. ನಗಿಸಲು ಹೇಳಿದ್ದಿರಬೇಕು. ದಾರಿಯುದ್ದಕ್ಕೂ ಅವನು ತನಗೆ ತಾನೇ ಮಾತು ಜೋಡಿಸಿಕೊಳ್ಳುತ್ತಿದ್ದ, ಕನ್ನಡದಲ್ಲಿ.

ಕಚೇರಿಯ ಪಡಸಾಲೆಯ ಬೆಂಚಿನ ಮೇಲೆ ನನ್ನನ್ನು ಕೂರಿಸಿ ಒಳಗೆ ಹೋದ. ಬಾಗಿಲಿಗೆ ಬರೀ ಪರದೆ. ಹೊರಗೆ ಕಾಯುತ್ತಿದ್ದವರಿಗೆಲ್ಲ ಒಳಗಿನ ಮಾತು ಕೇಳಿಸುತ್ತಿತ್ತು.

“ಹುಡುಗ್ರು ಹೇಳಿದ್ದ ಖರೆ ಐತ್ರಿ ಸಾಹೇಬ್ರ,” ಅಪ್ಪನ ದನಿ. “ನಾ ಬರದದ್ದು ಉಲ್ಟಾ ಆಗಿತ್ತು.”

“ನಾನೂ ನೋಡಿದ್ನಲ್ಲ. ಸರಿ ಇತ್ತು.”

“ನೀವೂ ನನ್ನಂಗ ಕಲತವ್ರು ರೀ.”

ಒಳಗೆ ಪೆನ್ನು ಕೆರೆಯುವ ಸದ್ದು. ಕಾಗದದ ಮೇಲೆ ಸಾಹೇಬರು ಬರೆದು ನೋಡುತ್ತಿದ್ದರೆಂದು ತೋರುತ್ತದೆ. ಪಡಸಾಲೆಯ ಜವಾನ ನನ್ನ ಕಡೆ ಬಾಗಿ ಕೇಳಿದ, “ಏನ ತಪ್ಪು ಮಾಡ್ಯಾರವ್ವ ನಿಮ್ಮಪ್ಪ?”

“ಗೊತ್ತಿಲ್ರೀ,” ಎಂದೆ. ಮಾತು ನಿಲ್ಲಿಸಿ ಹೊರಗೆ ಬಾ ಎಂದು ಪರದೆಯನ್ನೇ ದಿಟ್ಟಿಸುತ್ತಿದ್ದೆ.

“ಮಾಸ್ತರ್ರ,” ಕಡೆಗೆ ಸಾಹೇಬರ ದನಿ ಕೇಳಿತು, ಮೊದಲಿನ ಗಡಸು ಇರಲಿಲ್ಲ, “ಇದನ್ನ ನೀವು ಹೇಳದ ಇದ್ದಿದ್ರ ಚಲೋ ಇತ್ತು. ಹುಡುಗ್ರು ಮಂದ ಅಂತ ಬರದು ಮುಚ್ಚಿಹಾಕ್ತಿದ್ದೆ. ಈಗ ನಾ ಏನು ಮಾಡ್ಲಿ ಹೇಳ್ರಿ?”

“ಹುಡುಗ್ರನ್ನ ಮುಂದಕ ಹಾಕ್ರಿ ಸಾಹೇಬ್ರ.”

“ನಿಮ್ಮದು?”

ಅಪ್ಪ ಅದಕ್ಕೆ ಏನು ಹೇಳಿದ ಎಂಬುದು ನನಗೆ ಕೇಳಿಸಲಿಲ್ಲ. ಕೇಳಿಸಿದ್ದರೆ ಬರೆಯುತ್ತಿದ್ದೆ. ಹಿಂದೆ ಬರೆದ ಆ ಕಥೆಯಲ್ಲಿ ಅವನಿಗೆ ಒಂದು ದೊಡ್ಡ ಮಾತನ್ನು ಕೊಟ್ಟಿದ್ದೆ. ಅದನ್ನು ಈಗ ಹೊಡೆದು ಹಾಕಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಹುಕುಂ ಬಂತು. ಅಪ್ಪನಿಗೆ ಸಿಂಧನೂರು ತಾಲೂಕಿನ ಮುಕ್ಕುಂದದ ಶಾಲೆ, ಒಂದನೇ ತರಗತಿ. ಅವನು ಅಲ್ಲಿ ಮಕ್ಕಳಿಗೆ ಅ ಆ ತಿದ್ದಿಸಬೇಕು. ಆ ಹಳ್ಳಿಯಲ್ಲಿ ಮಿಡ್ಲ್ ಸ್ಕೂಲ್ ಇಲ್ಲದ್ದರಿಂದ ನಮಗೆ ಸಿಂಧನೂರಿನಲ್ಲಿ ಒಂದು ಮನೆ ನೋಡಿದರು, ನಾನು ಅಲ್ಲಿನ ಶಾಲೆಗೆ ಹೋಗುವುದೆಂದಾಯಿತು. ಅಪ್ಪನ ಅಣ್ಣತಮ್ಮಂದಿರು ಬಂದು, ಹೊಲವಾದರೂ ಮಾಡಬಾರದೇ ಎಂದು ಮತ್ತೊಮ್ಮೆ ಹೇಳಿ ಹೋದರು.

ಮಸ್ಕಿಯಲ್ಲಿ ಕೊನೆಯ ದಿನ ಅಪ್ಪ ತರಗತಿಗೆ ಬಂದು, ಯಾರಿಗೂ ಏನೂ ಹೇಳದೆ, ಹಲಗೆಯ ಮೇಲೆ ಅದೇ ಲೆಕ್ಕವನ್ನು ಅದೇ ರೀತಿ ಬರೆದ. 12 = 7 − ಕ್ಷ. ಬಳಪ ಕೆಳಗಿಟ್ಟು ತಿರುಗಿದ.

“ಅವತ್ತು ನೀವು ಹೇಳಿದ್ದ ಖರೆ,” ಎಂದ. “ಇದು ಆಗಂಗಿಲ್ಲ. ಇದಕ್ಕ ಉತ್ತರ ನೀವು ಮುಂದಿನ ವರ್ಷ ಕಲೀತೀರಿ, ಆವಾಗ ಆಗತೈತಿ. ಸದ್ಯಕ್ಕ ಆಗಂಗಿಲ್ಲ ಅನ್ನೂದ ಸರಿ. ನಾ ಆ ಕಡಿಂದ ಬರದೆ, ಸಾಹೇಬ್ರು ಆ ಕಡಿಂದ ಓದಿದ್ರು. ನೀವು ಈ ಕಡಿಂದ ಓದಿದ್ರಿ.”

ಯಾರಿಗೂ ಮೊದಲು ಅರ್ಥವಾಗಲಿಲ್ಲ. ಆಮೇಲೆ ಒಬ್ಬ ಹಲಗೆಯನ್ನು ಬಲದಿಂದ ಓದಿ ನೋಡಿದ, ಕಿಸಕ್ಕನೆ ನಕ್ಕ. ಪಕ್ಕದವನಿಗೆ ತೋರಿಸಿದ. ನಗು ಸಾಲಿನಿಂದ ಸಾಲಿಗೆ ಹೋಯಿತು. ಹೆಡ್ ಮಾಸ್ತರರೂ ಸಾಹೇಬರೂ ತಲೆ ಆಡಿಸಿದ್ದನ್ನು ಯಾರೋ ಅಣಕಿಸಿದರು. ಅಪ್ಪ ತಡೆಯಲಿಲ್ಲ. ನಗು ಮುಗಿಯುವ ತನಕ ಮೇಜಿಗೆ ಒರಗಿ ನಿಂತಿದ್ದ. ನಾನು ತಲೆ ತಗ್ಗಿಸಿದ್ದೆ. ತಗ್ಗಿಸಿದ ತಲೆಯನ್ನು ಎತ್ತುವ ಮೊದಲೇ ಪಕ್ಕದವಳು ಎದ್ದು ನಿಂತಳು.

“ಮಾಸ್ತರ್ರೀ, ಹಂಗಾದ್ರ ಈಕಿ ಹತ್ತೊಂಬತ್ತು ಹೆಂಗ ಅಂದಳ್ರಿ?”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನಪ್ಪ ಇದಕ್ಕೆ ಒಂದು ಸುಳ್ಳು ಹೇಳಲಿ, ಸಣ್ಣದು, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

“ಆಕಿ ತಖ್ತಾ ಓದಲಿಲ್ಲ,” ಎಂದ ಅಪ್ಪ, ಹಲಗೆಯ ಕಡೆ ಕೈ ತೋರಿಸಿ. “ನನ್ನ ಮನಸ್ಸಿನ್ಯಾಗ ಏನಿತ್ತೋ ಅದನ್ನ ಓದಿದ್ಲು. ಅದು ಲೆಕ್ಕ ಅಲ್ಲ.”

ಆಮೇಲೆ ನನ್ನನ್ನು ಕರೆದ. “ಬಾ ಇಲ್ಲಿ. ಏನು ಬರದೈತಿ, ಅಷ್ಟ ಓದು. ಓದಿ ಬಿಡಿಸು.”

ಹೋಗಿ ಹಲಗೆಯ ಮುಂದೆ ನಿಂತೆ. ಕಣ್ಣು ತಾನಾಗಿ ಬಲಗಡೆಗೆ ಹೋಯಿತು. ಅದನ್ನು ಎಳೆದು ಎಡಗಡೆಗೆ ತಂದು, ಹನ್ನೆರಡರಿಂದ ಶುರು ಮಾಡಿ, ಒಂದೊಂದೇ ಗುರುತನ್ನು ಬಾಯಿಬಿಟ್ಟು ಓದಿದೆ.

“ಏನು ಬರತೈತಿ?”

“ಆಗಂಗಿಲ್ರೀ.”

“ಜೋರಲೆ ಹೇಳು. ಹಿಂದಿನವ್ರಿಗೆ ಕೇಳಂಗಿಲ್ಲ.”

“ಆಗಂಗಿಲ್ರೀ ಮಾಸ್ತರ್ರ.”

“ಕೂಡು,” ಎಂದ ಅಪ್ಪ, ಉಳಿದ ಮಕ್ಕಳಿಗೆ ಹೇಳುವ ದನಿಯಲ್ಲಿಯೇ. ಹಲಗೆ ಒರೆಸಿ ಆ ದಿನದ ಪಾಠಕ್ಕೆ ತಿರುಗಿದ, ತ್ರೈರಾಶಿ. ನಾನು ಬಂದು ಕೂತೆ. ಪಕ್ಕದವಳು ತನ್ನ ಪಾಟಿಯನ್ನು ಅತ್ತ ಎಳೆದುಕೊಂಡು, ನನಗೆ ಕೂರಲು ಬೇಕಾದಷ್ಟೇ ಜಾಗ ಬಿಟ್ಟಳು.